ಒಬ್ಬಳಿಗೆ ಸಾಕಾಗುವಷ್ಟು ಮನೆ

ಉಮ್ಮರಬ್ಬರ ಅಂಗಡಿಯಲ್ಲಿ ಅರ್ಧ ತೆಂಗಿನಕಾಯಿ ಸಿಗುತ್ತದೆಯೇ ಎಂದು ಕೇಳಿದ್ದೇ ಆಶಾಲತಾ ಮಾಡಿದ ತಪ್ಪು.

ಕೇಳುವಾಗ ಅದರಲ್ಲಿ ತಪ್ಪೇನೂ ಅವಳಿಗೆ ಕಂಡಿರಲಿಲ್ಲ. ಶುಕ್ರವಾರದ ಬೆಳಿಗ್ಗೆ, ಆಫೀಸಿಗೆ ರಜೆ. ಒಬ್ಬಳೇ ಮನೆ ಮಾಡಿದರೆ ತಿಂಗಳಿಗೆ ಯಾವುದಕ್ಕೆ ಎಷ್ಟು ಬೇಕಾದೀತು ಎಂದು ವಾರದಿಂದ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಳು. ಅಕ್ಕಿ, ಸೋಪು, ಬಸ್ಸಿನ ಖರ್ಚು ಎಲ್ಲವೂ ಒಬ್ಬಳ ಅಳತೆಗೆ ಇಳಿದಿದ್ದವು. ತೆಂಗಿನಕಾಯಿ ಮಾತ್ರ ಇಳಿಯಲೊಪ್ಪಲಿಲ್ಲ. ಒಂದಿಡೀ ಕಾಯಿಯನ್ನು ಒಬ್ಬಳು ತಿಂದು ಮುಗಿಸುವ ಮೊದಲೇ ಅದು ಕಮಟು ಹಿಡಿಯುತ್ತದೆ. ಕೊಲ್ಲಿ ಯುದ್ಧ ಮುಗಿದು ಒಂಬತ್ತು ತಿಂಗಳಾದರೂ ಕುವೈತಿನಲ್ಲಿ ಕಾಯಿಯ ಬೆಲೆ ಇನ್ನೂ ಹಡಗಿನಿಂದ ಇಳಿದಿರಲಿಲ್ಲ.

ಉಮ್ಮರಬ್ಬ ತೂಗುತ್ತಿದ್ದ ಈರುಳ್ಳಿಯನ್ನು ತಕ್ಕಡಿಯಲ್ಲೇ ಬಿಟ್ಟರು.

"ಅರ್ಧವಾ? ಉಳಿದ ಅರ್ಧ ಯಾರು ತಿನ್ನುದು ತಂಗೀ, ನಾನಾ? ರಾಜಣ್ಣನ ಮನೆಗೆ ದಿನಕ್ಕೊಂದು ಕಾಯಿ ಬೇಕು."

"ಅಲ್ಲಿಗಲ್ಲ ಉಮ್ಮರಾಕ, ನನಗೆ. ಈಗಲ್ಲ, ಮುಂದಿನ ತಿಂಗಳಿಂದ. ಸುಮ್ಮನೆ ಕೇಳಿದ್ದು."

ಉಮ್ಮರಬ್ಬರ ಅಂಗಡಿಯಲ್ಲಿ ಯಾರೂ ಸುಮ್ಮನೆ ಏನನ್ನೂ ಕೇಳುವ ಹಾಗಿರಲಿಲ್ಲ. ಯಾರು ಹುಳಿಮಾವು ಕೊಂಡರು, ಯಾರು ಸಿಗರೇಟು ಬಿಟ್ಟರು, ಯಾವ ಮನೆಗೆ ಹಾಲಿನ ಪುಡಿ ಹೋಗುವುದು ನಿಂತಿತು ಎಂಬುದರಿಂದಲೇ ತಮ್ಮ ಬಡಾವಣೆ ಖೈತಾನಿನ ಬಸಿರು, ಜಗಳ, ಕೆಲಸ ಹೋದದ್ದು ಎಲ್ಲವನ್ನೂ ಅವರು ಸಂಬಂಧಪಟ್ಟವರಿಗಿಂತ ಮೊದಲೇ ತಿಳಿಯುತ್ತಿದ್ದರು. ಅರ್ಧ ತೆಂಗಿನಕಾಯಿಯಂತೂ ಅವರಿಗೆ ತೆರೆದಿಟ್ಟ ಪತ್ರಿಕೆ. ಈ ಹುಡುಗಿ ರಾಜಗೋಪಾಲರ ಮನೆ ಬಿಟ್ಟು ಒಬ್ಬಳೇ ಇರಲು ಹೊರಟಿದ್ದಾಳೆ!

ಕುವೈತಿನಲ್ಲಿ ಊರೊಳಗಿನ ಫೋನ್ ಕರೆಗೆ ಕಾಸು ಬೀಳುವುದಿಲ್ಲ. ಆಶಾಲತಾ ಬೇಕರಿ ಸುತ್ತಿಕೊಂಡು ಮನೆ ಮುಟ್ಟುವುದರೊಳಗೆ ಕಾಂತಮ್ಮ ಅಳಲು ಶುರುಮಾಡಿ ಆಗಿತ್ತು.

ಕಾಂತಮ್ಮ ಅಳುವುದರಲ್ಲಿ ಹೊಸತೇನೂ ಇರಲಿಲ್ಲ. ಅವರು ಆಶಾಲತಾಳ ಗಂಡನಿಗೆ ದೂರದ ಸಂಬಂಧದಲ್ಲಿ ಚಿಕ್ಕಮ್ಮ. ಹಿಂದಿನ ವರ್ಷ ಎಲ್ಲರೊಂದಿಗೆ ಮರುಭೂಮಿ ದಾಟಿ, ಜೋರ್ಡಾನಿನ ಡೇರೆಯಲ್ಲಿ ಹದಿನೈದು ದಿನ ಮಲಗಿ, ಆಶಾಲತಾ, ಗಂಡ ಇಬ್ಬರೂ ಒಂದು ಗೀರೂ ಇಲ್ಲದೆ ಊರು ಮುಟ್ಟಿದ್ದರು. ಯುದ್ಧದಿಂದ ತಪ್ಪಿಸಿಕೊಂಡ ಮನುಷ್ಯ ಮಂಗಳೂರಿನಲ್ಲಿ ಕಾಮಾಲೆಗೆ ಸಿಕ್ಕಿಬಿದ್ದು ತೀರಿಕೊಂಡ. ಆಶಾಲತಾಳ ಟೈಪಿಸ್ಟ್ ಕೆಲಸ ಕುವೈತ್ ಸಿಟಿಯ ಆಫೀಸಿನಲ್ಲಿ ಹಾಗೆಯೇ ಇತ್ತು. ಇಕಾಮಾ, ಎಂದರೆ ಅಲ್ಲಿ ವಾಸಿಸುವ ಪರವಾನಗಿ, ಅವಳ ಹೆಸರಿನಲ್ಲೇ ಇತ್ತು. ಅವಳು ಒಬ್ಬಳೇ ಮರಳಿ ಬಂದಳು. ಕಾಂತಮ್ಮ ತಮ್ಮ ಮನೆಯ ನಡುಕೋಣೆಯ ಒಂದು ಮೂಲೆಗೆ ಪರದೆ ಕಟ್ಟಿ ಅವಳಿಗೆ ಜಾಗ ಮಾಡಿಕೊಟ್ಟರು.

ಅಂದಿನಿಂದ ಅವರು ಅಳುತ್ತಿದ್ದಾರೆ. ಬೆಳಿಗ್ಗೆ ಚಾ ಕೊಡುವಾಗ ಒಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ, ಶಾಲೆಯ ಗಂಟೆಯಂತೆ ಹೊತ್ತಿಗೆ ಸರಿಯಾಗಿ. ಮನೆಗೆ ಯಾರಾದರೂ ಬಂದರೆ ವಿಶೇಷ ತರಗತಿ. ಅವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಶಾಲತಾಳಿಗೆ ಈವರೆಗೆ ಅಳು ಬಂದಿರಲಿಲ್ಲ. ಬರುವ ಸೂಚನೆ ಕಂಡಾಗಲೆಲ್ಲ ಕಾಂತಮ್ಮ ಮುಂದೆ ಬಂದು ಆ ಕೆಲಸವನ್ನು ಕೈಯಿಂದ ಇಸಿದುಕೊಂಡುಬಿಡುತ್ತಿದ್ದರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕರೆ ಒಂದು ದಿನ ತಾನೂ ಅತ್ತು ನೋಡಬಹುದಿತ್ತು ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡ ಆಸೆಯೇನೂ ಅವಳಲ್ಲಿ ಉಳಿದಿರಲಿಲ್ಲ. ಕಾರಣವೂ ಕೂಡಿಬಂದಿತ್ತು: ಕಾಂತಮ್ಮನ ತಂಗಿಯ ಮಗಳು ಸುಪ್ರೀತಾಳಿಗೆ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಸಿಕ್ಕಿ, ಮುಂದಿನ ತಿಂಗಳು ಬರುವವಳಿದ್ದಳು. ಅವಳಿಗೂ ಮಲಗಲು ಒಂದು ಮೂಲೆ ಬೇಕಲ್ಲ.

"ಅರ್ಧ ಕಾಯಿ ಕೇಳಿದಿಯಂತೆ!" ಕಾಂತಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಾನು ನಿನಗೆ ಅರ್ಧ ಹೊಟ್ಟೆಗೆ ಹಾಕಿದ್ದುಂಟಾ ಮಗಾ?"

"ಹಾಗಲ್ಲ ಚಿಕ್ಕಮ್ಮ. ಸುಪ್ರೀತಾ ಬರ್ತಾಳಲ್ಲ. ಹೇಗೂ ನಾನು ಒಂದು ಕೋಣೆ ನೋಡ್ಬೇಕು ಅಂತ..."

"ಒಂಟಿ ಹೆಣ್ಣು! ಈ ಊರಲ್ಲಿ! ಇವರೇ, ಕೇಳಿದಿರಾ?"

ರಾಜಗೋಪಾಲರು ಕೇಳಿದ್ದರು. ಅವರು ಒಂದು ಕಂಪನಿಯಲ್ಲಿ ಅಕೌಂಟೆಂಟ್. ಹೆಂಡತಿ ಅತ್ತರೆ ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ, ಆದರೆ ಲೆಕ್ಕ ಎಂದರೆ ಮೈಯೆಲ್ಲ ಕಿವಿ. ಕ್ಯಾಲ್ಕುಲೇಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಸಂಬಳ ನೂರೈವತ್ತು ದಿನಾರ್. ಸರಿ. ಬಾಡಿಗೆ?"

"ಅರವತ್ತೈದರ ಒಳಗೆ ಸಿಕ್ಕಿದ್ರೆ."

"ಊರಿಗೆ, ಅತ್ತೆಗೆ?"

"ಮೂವತ್ತೈದು."

"ಊಟ, ಗ್ಯಾಸು, ಸೋಪು?"

"ಇಪ್ಪತ್ತೈದು. ಬಸ್ಸಿಗೆ ಹತ್ತು."

"ಉಳಿದದ್ದು ಹದಿನೈದು. ಅದು ಎಂತಕ್ಕೆ?"

"ಹುಷಾರಿಲ್ಲದಿದ್ರೆ ಅಂತ."

ರಾಜಗೋಪಾಲರು ಕನಿಕರದಿಂದ ನಕ್ಕರು. "ಊರಿಗೆ ಹೋಗುವವರು ಬಂದು, ಎಂತದಾದ್ರೂ ಕಳಿಸ್ಲಿಕ್ಕುಂಟಾ ಅಂತ ಕೇಳ್ತಾರೆ. ಇಲ್ಲ ಅನ್ಲಿಕ್ಕಾಗ್ತದಾ? ಒಂದು ಡಬ್ಬ ಹಾಲಿನ ಪುಡಿ, ಎರಡು ಸೆಂಟು. ಬರೆದಿದ್ದೀಯಾ? ಇಲ್ಲ. ಮದುವೆ ಉಡುಗೊರೆ? ಇಲ್ಲ. ನಾವು ನಿನ್ನ ಮನೆಗೆ ಬಂದ್ರೆ?"

"ಚಾ ಕೊಡ್ತೇನೆ ಚಿಕ್ಕಪ್ಪ."

"ಬರೀ ಚಾ?"

ಆಶಾಲತಾ ಬಿಸ್ಕತ್ತು ಸೇರಿಸಿದಳು. ರಾಜಗೋಪಾಲರು ಗುಂಡಿ ಒತ್ತಿದರು, ಕೊನೆಗೆ ತಲೆಯೆತ್ತಿ, ತಿಂಗಳಿಗೆ ಮೂರು ದಿನಾರ್ ಕೊರತೆ ಬೀಳುತ್ತದೆ ಎಂದು ಪರೀಕ್ಷೆಯಲ್ಲಿ ಪಾಸಾದವರ ಮುಖದಲ್ಲಿ ಘೋಷಿಸಿದರು. ಅವರ ಪ್ರಕಾರ ಒಬ್ಬ ಮನುಷ್ಯ ಒಬ್ಬನೇ ಬದುಕುವುದು ಲೆಕ್ಕದಲ್ಲಿ ಕೂಡುವುದೇ ಇಲ್ಲ.

"ಬಿಸ್ಕತ್ತು ತೆಗೆದುಬಿಡಿ," ಎಂದಳು ಆಶಾಲತಾ.

ಅಷ್ಟರಲ್ಲಿ ಉಮ್ಮರಬ್ಬ ಅಂಗಡಿಯನ್ನು ಹೆಂಡತಿ ಸೈನಬಾಳಿಗೆ ಒಪ್ಪಿಸಿ ಖುದ್ದಾಗಿ ರಾಜಗೋಪಾಲರ ಮನೆಯ ಮೆಟ್ಟಲು ಹತ್ತಿ ಬಂದರು. ಕೈಯಲ್ಲಿ ಇಡೀ ತೆಂಗಿನಕಾಯಿ.

"ಇದು ನನ್ನ ಲೆಕ್ಕದ್ದು. ತಂಗೀ, ನಮ್ಮ ಅಂಗಡಿಯ ಬಿಲ್ಡಿಂಗಲ್ಲಿ ಹಿಂದಿನ ಬದಿ ಒಂದು ಕೋಣೆ ಖಾಲಿ ಉಂಟು. ಅರವತ್ತೈದು. ಕರೆಂಟು ನೀರು ಧಣಿಯದ್ದೇ. ಆದ್ರೆ ಒಂದು ಸಂಗತಿ. ಧಣಿ ಅಬು ಯಾಕೂಬ್ ಮುದುಕರು ಸಂಸಾರಸ್ಥರಿಗೆ ಬಿಟ್ರೆ ಕೊಡುದಿಲ್ಲ. ಒಂಟಿ ಗಂಡಸಿಗೂ ಇಲ್ಲ, ಒಂಟಿ ಹೆಂಗಸಿಗಂತೂ ಕೇಳುದೇ ಬೇಡ."

"ಹಾಗಾದರೆ ಆಗ್ಲಿಲ್ಲವಲ್ಲ," ಎಂದಳು ಆಶಾಲತಾ. ನಿರಾಶೆ ಅವಳಿಗೆ ಈಗ ಹಳೆಯ ಚಪ್ಪಲಿಯಷ್ಟೇ ಸಲೀಸು.

"ಆಗುದಿಲ್ಲ ಅಂತ ಹೇಳ್ಲಿಕ್ಕೆ ನಾನು ಮೆಟ್ಟಲು ಹತ್ತಿ ಬಂದದ್ದಾ? ಮುದುಕರು ನೋಡುದು ಒಂದೇ ಸಲ, ಕೊಡುವಾಗ. ಒಂದು ಗಳಿಗೆ ಪಕ್ಕದಲ್ಲಿ ಒಬ್ಬ ಗಂಡ ನಿಂತ್ರೆ ಸಾಕು. ನಮ್ಮ ರಾಜಣ್ಣನೇ ನಿಲ್ಲಲಿ."

ರಾಜಗೋಪಾಲರು ಕ್ಯಾಲ್ಕುಲೇಟರನ್ನು ಕೆಳಗಿಟ್ಟು ತಲೆಗೂದಲನ್ನು ಒಮ್ಮೆ ಸವರಿಕೊಂಡರು. ಕಾಂತಮ್ಮನ ಅಳು ನಲ್ಲಿ ತಿರುಗಿಸಿದ ಹಾಗೆ ನಿಂತಿತು.

"ಇವರು ಬೇಡ," ಎಂದರು.

"ಯಾಕೆ, ನಾನೇನು..."

"ನಿಮಗೆ ಐವತ್ತೆಂಟು. ಹಲ್ಲಿನ ಸೆಟ್ಟು ಬೇರೆ. ಬೇಡ."

ಎಲ್ಲರೂ ಯೋಚಿಸುತ್ತ ಕುಳಿತಿದ್ದಾಗ ಬಾಗಿಲು ತಟ್ಟಿದ್ದು ದೇಜಪ್ಪ. ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್, ಮೂವತ್ತನಾಲ್ಕರ ಅವಿವಾಹಿತ, ಕಾರ್ಮಿಕರ ಕ್ಯಾಂಪಿನ ಕೋಣೆಯೊಂದರಲ್ಲಿ ಎಂಟು ಜನರ ಜೊತೆ, ಎರಡಂತಸ್ತಿನ ಮಂಚದ ಮೇಲಿನ ಅಂತಸ್ತು ಅವನದು. ಊರಿನ ಪರಿಚಯದ ಮೇಲೆ ಪ್ರತಿ ಶುಕ್ರವಾರ ಕಾಂತಮ್ಮನ ಕೈಯಡುಗೆ ಉಣ್ಣಲು ಬರುವವನು. ಇಡೀ ವಾರ ರಟ್ಟಿನ ಪೆಟ್ಟಿಗೆಗಳ ಸಹವಾಸವಾದ್ದರಿಂದ ಮನುಷ್ಯರ ಮುಂದೆ ಮಾತು ಕಡಿಮೆ.

ನಾಲ್ಕು ಜೋಡಿ ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದನ್ನು ನೋಡಿ ದೇಜಪ್ಪ ಚಪ್ಪಲಿ ಬಿಡುವುದನ್ನು ನಿಲ್ಲಿಸಿದ.

"ಎಂತ, ಇವತ್ತು ಊಟ ಇಲ್ವಾ ಕಾಂತಕ್ಕ?"

"ಊಟ ಉಂಟು ದೇಜಪ್ಪಾ," ಎಂದರು ಉಮ್ಮರಬ್ಬ. "ಊಟ ಆದ ಮೇಲೆ ಒಂದು ಸಣ್ಣ ಕೆಲಸ ಉಂಟು."

ಸಣ್ಣ ಕೆಲಸ ಏನೆಂದು ತಿಳಿದಾಗ ದೇಜಪ್ಪನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿ ಅವನನ್ನು ಉಳಿಸಿಕೊಂಡ ಮೇಲೆ, ಅವನು ಆಶಾಲತಾಳ ಕಡೆ ನೋಡದೆ, "ಮೇಡಮಿಗೆ ಉಪಕಾರ ಆಗುದಾದ್ರೆ ಆಯ್ತು," ಎಂದ.

ರಾಜಗೋಪಾಲರ ಕೋಟು ಅವನಿಗೆ ತೊಡಿಸಲಾಯಿತು. ದಿಂಬಿನ ಚೀಲದೊಳಗೆ ಕೊಡೆ ನಿಲ್ಲಿಸಿದ ಹಾಗೆ ಕಂಡ. ಉಮ್ಮರಬ್ಬ ಪಾಠ ಹೇಳಿಕೊಟ್ಟರು: "ಮಕ್ಕಳು ಇಲ್ಲ. ಸಂಬಳ ನೂರೈವತ್ತು. ಬಾಕಿ ಎಲ್ಲದಕ್ಕೂ 'ಹಾಂ ಬಾಬಾ'. ಗೊತ್ತಾಯ್ತಾ?"

"ಹಾಂ ಬಾಬಾ," ಎಂದ ದೇಜಪ್ಪ.

ಕಾಂತಮ್ಮ ಆಶಾಲತಾಳನ್ನು ಒಳಗೆ ಕರೆದುಕೊಂಡು ಹೋಗಿ, ತಮ್ಮ ಪೆಟ್ಟಿಗೆಯಿಂದ ಒಂದು ಕರಿಮಣಿ ಸರ ತೆಗೆದರು. ಮಂಗಳೂರಿನ ಫ್ಯಾನ್ಸಿ ಅಂಗಡಿಯದು, ಪ್ರಯಾಣಕ್ಕೆಂದು ಇಟ್ಟುಕೊಂಡದ್ದು. ಅದನ್ನು ಅವಳ ಕೊರಳಿಗೆ ಹಾಕಿ, ಹಣೆಗೆ ಕುಂಕುಮವಿಟ್ಟು, ಅವಳನ್ನು ಅಪ್ಪಿಕೊಂಡು ಹೋ ಎಂದು ಅತ್ತರು. ಆಶಾಲತಾ ಅವರ ಬೆನ್ನು ತಟ್ಟುತ್ತ, ಅವರ ಭುಜದ ಮೇಲಿಂದ ಗೋಡೆಯ ಗಡಿಯಾರ ನೋಡಿದಳು. ಅಬು ಯಾಕೂಬ್ ಬಾಬಾ ಇಳಿಹಗಲಿನ ಅಸರ್ ನಮಾಜು ಮುಗಿಸಿ ಬರುವ ಹೊತ್ತಾಗಿತ್ತು.

ಮುದುಕರು ಬರುವ ಮೊದಲು ಉಮ್ಮರಬ್ಬ ಅವಳಿಗೆ ಕೋಣೆ ತೋರಿಸಿದರು. ಒಂದೇ ಕೋಣೆ, ಅಡುಗೆಮನೆಯಲ್ಲಿ ಅಡ್ಡಲಾಗಿ ಮಾತ್ರ ನಿಲ್ಲಬಹುದು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೆ ಎಣ್ಣೆಬಾವಿಗಳು ಉರಿದ ಕಾಲದ ಮಸಿ. ಗಂಡಸರು ಹೊರಗೆ ನಿಂತಿದ್ದಾಗ ಆಶಾಲತಾ ಬಾಗಿಲು ಮುಚ್ಚಿ ಚಿಲಕ ಎಳೆದಳು. ಚಿಲಕ ಸರಾಗವಾಗಿ ಕೂತಿತು. ಒಂದು ನಿಮಿಷ ಸುಮ್ಮನೆ ನಿಂತಳು. ಯಾರೂ ಅಳಲಿಲ್ಲ. ಅವಳಿಗೂ ಅಳು ಬರಲಿಲ್ಲ. ಆದರೆ ಬರುವುದಿದ್ದರೆ ಇಲ್ಲಿಗೆ ಬಂದೀತು, ವಿಳಾಸ ಗೊತ್ತಾಗಿದೆ ಎನಿಸಿತು.

"ತಂಗೀ, ಚಿಲಕ ಸಿಕ್ಕಿಕೊಂಡಿತಾ?" ಹೊರಗಿನಿಂದ ಉಮ್ಮರಬ್ಬ ಗಾಬರಿಯಾಗಿ ಬಾಗಿಲು ಬಡಿದರು.

ಅಬು ಯಾಕೂಬ್ ಮೆಟ್ಟಲ ಬುಡದ ಸಣ್ಣ ಕೋಣೆಯಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದರು. ಎಳೆಯ ವಯಸ್ಸಿನಲ್ಲಿ ಖರ್ಜೂರದ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದವರು. ಬಂದರಿನಲ್ಲಿ ಕಲಿತ ಹಿಂದಿ ಇನ್ನೂ ಮರೆತಿರಲಿಲ್ಲ. ಆಶಾಲತಾ ಒಳಗೆ ಬಂದದ್ದೇ ಅವರು ದೃಷ್ಟಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟರು. ಪರರ ಹೆಂಡತಿಯನ್ನು ನೋಡುವ ಪೈಕಿ ಅವರಲ್ಲ. ಮಾತೆಲ್ಲ ದೇಜಪ್ಪನ ಜೊತೆಗೇ.

"ನಿನ್ನ ಮನೆಯವಳಿಗೆ ಅಡುಗೆ ಬರುತ್ತದಾ? ಸಿಪಾಯಿಗಳು ಬಂದಾಗ ನನ್ನ ಬೀಗ ಹಾಕಿದ ಮನೆಗಳನ್ನೆಲ್ಲ ಒಡೆದರು. ಒಗ್ಗರಣೆ ವಾಸನೆ ಬರುತ್ತಿದ್ದ ಮನೆಯನ್ನು ಮುಟ್ಟಲಿಲ್ಲ. ಅಂದಿನಿಂದ ನನಗೆ ಒಲೆ ಉರಿಯುವ ಮನೆಯೇ ಬೇಕು."

ದೇಜಪ್ಪ ಪಕ್ಕಕ್ಕೆ ತಿರುಗಿದ. "ಮೇಡಮ್, ನಿಮಗೆ ಅಡುಗೆ ಬರ್ತದಲ್ಲ?"

ಕನ್ನಡ ಬಾರದಿದ್ದರೂ ಮೇಡಮ್ ಎಂಬುದು ಅಬು ಯಾಕೂಬರಿಗೆ ತಿಳಿಯಿತು. ಅವರ ಜಪಮಣಿ ನಿಂತಿತು. ಉಮ್ಮರಬ್ಬ ಕಣ್ಣು ಮುಚ್ಚಿಕೊಂಡರು.

"ಹೆಂಡತಿಯನ್ನು ಮೇಡಮ್ ಅನ್ನುತ್ತೀಯಾ?" ಮುದುಕರು ಎದ್ದು ದೇಜಪ್ಪನ ಭುಜ ಹಿಡಿದರು. "ಮಾಶಾ ಅಲ್ಲಾ! ನನಗೆ ಆರು ಗಂಡುಮಕ್ಕಳು. ಅವರು ಹೆಂಡಿರ ಜೊತೆ ಮಾತಾಡುವುದು ಕೇಳಿದರೆ ನಾನು ಹೊರಗೆ ಹೋಗಿ ಕೂತುಕೊಳ್ಳುತ್ತೇನೆ. ನೀನು ಮನುಷ್ಯ. ಕೂತುಕೋ. ಮಕ್ಕಳೆಷ್ಟು?"

ಇಲ್ಲ ಎನ್ನಬೇಕಿತ್ತು. ಪಾಠದಲ್ಲಿ ಹಾಗೇ ಇತ್ತು. ಆದರೆ ಮುದುಕರ ಮುಖದಲ್ಲಿ ಆಗಲೇ ಅಷ್ಟು ಪ್ರೀತಿ ತುಂಬಿತ್ತು. ಇಲ್ಲ ಎಂದರೆ ಅವರು ನೊಂದುಕೊಳ್ಳುತ್ತಾರೆ ಎಂದು ದೇಜಪ್ಪನಿಗೆ ಕಂಡಿತು. ಅವನ ಎರಡು ಬೆರಳು ತಾವಾಗಿಯೇ ಮೇಲೆದ್ದವು.

"ಎರಡಾ! ಹೆಸರು?"

"ಲತೀಶ್. ಅಕ್ಷಯ್." ಅವು ಅವನ ಅಣ್ಣನ ಮಕ್ಕಳ ಹೆಸರು. "ಊರಲ್ಲಿದ್ದಾರೆ ಬಾಬಾ. ಬರ್ತಾರೆ."

"ಎರಡು ಗಂಡುಮಕ್ಕಳನ್ನು ಇಟ್ಟುಕೊಂಡು ಹಿಂದಿನ ಗೂಡಿನಲ್ಲಿ ಹೇಗೆ ಇರುತ್ತೀಯಾ? ನಾನು ಕೊಡುವುದಿಲ್ಲ. ಮುಂದಿನ ಬದಿಯ ಎರಡು ಕೋಣೆಯ ಮನೆ ತೆಗೆದುಕೋ. ನೂರು ದಿನಾರಿನ ಮನೆ, ನಿನಗೆ ಎಂಬತ್ತೈದು."

ಆಶಾಲತಾಳ ಮನಸ್ಸಿನಲ್ಲಿ ಹದಿನೈದು ದಿನಾರಿನ ಕಾಯಿಲೆಯ ನಿಧಿ ಮುಳುಗಿತು. ಹಿಂದೆಯೇ ಬಸ್ಸು. ಇನ್ನು ಆಫೀಸಿಗೆ ನಡೆದು ಹೋಗಬೇಕು. "ದೇಜಪ್ಪಣ್ಣ, ಸಾಕು ಮಾಡಿ," ಎಂದು ಪಿಸುಗುಟ್ಟಿದಳು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಸೈನಬಾ, ಗಂಡನಿಗೆ ಅಣ್ಣ ಎಂದದ್ದನ್ನು ಕೇಳಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಓಡಿದಳು.

"ಸಂಬಳ ಎಷ್ಟು ಬರುತ್ತದೆ ಮಗೂ?"

ಜೀವಮಾನದಲ್ಲಿ ಯಾರೂ ದೇಜಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಚಾ ಕೊಟ್ಟು, ಅಷ್ಟು ಗೌರವದಿಂದ ಆ ಪ್ರಶ್ನೆ ಕೇಳಿರಲಿಲ್ಲ. ನಿಜವಾದ ಉತ್ತರ ತೊಂಬತ್ತೈದು. ಅದು ಆ ಕುರ್ಚಿಗೆ, ಆ ಕೋಟಿಗೆ, ಊರಲ್ಲಿರುವ ಆ ಇಬ್ಬರು ಮಕ್ಕಳಿಗೆ ಶೋಭಿಸುವಂತಿರಲಿಲ್ಲ.

"ಮುನ್ನೂರು," ಎಂದ.

"ಹಾಗಾದರೆ ತೊಂಬತ್ತೈದು ಕೊಡು. ನಿನಗೆ ಭಾರವಾಗಲಿಕ್ಕಿಲ್ಲ. ಖಲಾಸ್!"

ಖಲಾಸ್ ಎಂದರೆ ಮುಗಿಯಿತು. ಆಶಾಲತಾಳ ಲೆಕ್ಕವೂ ಮುಗಿದಿತ್ತು. ಊಟವನ್ನು ಪೂರ್ತಿ ಬಿಟ್ಟರೆ ಸಂಬಳ ಬಾಡಿಗೆಗೂ ಅತ್ತೆಗೂ ಹೇಗೋ ಸಾಕಾಗುತ್ತಿತ್ತು. ಅವಳು ಉಮ್ಮರಬ್ಬರ ತೋಳು ಹಿಡಿದು ಎಳೆದಳು.

"ಬೇಡ ಅಂತ ಹೇಳಿ ಉಮ್ಮರಾಕ."

"ಈಗ ಬೇಡ ಅಂದ್ರೆ ನನ್ನ ಅಂಗಡಿ ಗತಿ ಎಂತ ತಂಗೀ?" ಅವರು ನಗುಮುಖ ಕದಲಿಸದೆ ತುಟಿಯಲ್ಲೇ ಹೇಳಿದರು. "ಅಂಗಡಿಯೂ ಅವರದ್ದೇ ಅಲ್ವಾ? ನಮ್ಮವರೇ, ಒಳ್ಳೆ ಸಂಸಾರ ಅಂತ ಬೆಳಿಗ್ಗೆ ಕುರ್‌ಆನ್ ಒಂದು ಬಿಟ್ಟು ಎಲ್ಲದರ ಮೇಲೂ ಆಣೆ ಹಾಕಿ ಹೇಳಿ ಆಗಿದೆ."

ಕರಾರು ಪತ್ರ ತೆಗೆದಾಗ ಆಶಾಲತಾ ತನ್ನ ಗುರುತಿನ ಚೀಟಿ ಮುಂದೆ ಚಾಚಿದಳು. ಅಬು ಯಾಕೂಬ್ ಕ್ಯಾಲೆಂಡರಿಗೆ ಹೇಳಿದರು: "ಯಜಮಾನ ಇರುವಾಗ ತಾಯೀ, ನಿನಗೆ ಯಾಕೆ ತೊಂದರೆ?" ದೇಜಪ್ಪನ ಹೆಸರು ಬಲದಿಂದ ಎಡಕ್ಕೆ ಚಂದವಾಗಿ ಮೂಡಿತು. ಮುಂಗಡಕ್ಕೆ ಆಶಾಲತಾ ಕೈಚೀಲದಲ್ಲಿ ತಂದಿದ್ದ ಅರವತ್ತೈದು, ಮೇಲಿನದು ಉಮ್ಮರಬ್ಬರ ಜೇಬಿನದು. ಕೀಲಿಕೈಯನ್ನು ಮುದುಕರು ದೇಜಪ್ಪನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು.

"ಒಂದು ಮಾತು. ನೀನು ಸಬ್ಹಾನಿನಲ್ಲಿ ಕೆಲಸ ಮಾಡುತ್ತೀಯಾ ಎಂದ ಉಮ್ಮರ್. ಸಂಜೆ ಮನೆಗೆ ಬರಬೇಕು. ಹೆಂಡತಿಯನ್ನು ಒಬ್ಬಳೇ ಬಿಟ್ಟು ಕ್ಯಾಂಪಿನಲ್ಲಿ ಮಲಗುವುದು ನನ್ನ ಮನೆಯಲ್ಲಿ ನಡೆಯುವುದಿಲ್ಲ. ಕಾವಲಿನವನು ನನಗೆ ದಿನಾ ಹೇಳುತ್ತಾನೆ. ಮನೆಯಲ್ಲಿ ಗಂಡಸಿಲ್ಲ ಎಂದಾದರೆ ಅವತ್ತೇ ಖಾಲಿ."

"ಹಾಂ ಬಾಬಾ," ಎಂದ ದೇಜಪ್ಪ. ಪಾಠ ಈಗ ನೆನಪಾಗಿತ್ತು.

ಎಲ್ಲರೂ ರಾಜಗೋಪಾಲರ ಮನೆಗೆ ಮರಳಿದರು. ಕಾಂತಮ್ಮ ಮೊದಲು ಕರಿಮಣಿ ಸರವನ್ನು ಬಿಚ್ಚಿಸಿಕೊಂಡು ಪೆಟ್ಟಿಗೆಗೆ ಹಾಕಿದರು. ದೇಜಪ್ಪ ಮೂಲೆಯಲ್ಲಿ ನಿಂತು ಮುಚ್ಚಿದ ಮುಷ್ಟಿಯನ್ನು ತೆರೆಯದೆ ಹೇಳಿದ:

"ಬಾಯಿಗೆ ಬಂದುಬಿಟ್ಟಿತು ಮೇಡಮ್. ಅವರು ಅಷ್ಟು ಪ್ರೀತಿಯಿಂದ ಕೇಳಿದ್ರು."

"ಆಯ್ತು ಬಿಡಿ," ಎಂದಳು ಆಶಾಲತಾ.

ರಾಜಗೋಪಾಲರು ಗುಂಡಿ ಒತ್ತಿ, ಕೊರತೆ ಈಗ ತಿಂಗಳಿಗೆ ಮೂವತ್ತಮೂರು ದಿನಾರ್ ಎಂದರು. ದಾಖಲೆ ಮುರಿದ ಓಟಗಾರನ ಸುದ್ದಿ ಹೇಳುವ ಹಾಗೆ. ಹಣದ ಮಾತು ಅತ್ತ ಇರಲಿ. ಆ ಮನೆಯಲ್ಲಿ ದೇಜಪ್ಪ ಇರಲೇಬೇಕು. ದೇಜಪ್ಪ ಇದ್ದರೆ ಆಶಾಲತಾ ಇರುವ ಹಾಗಿಲ್ಲ. ಆಶಾಲತಾ ಇಲ್ಲದಿದ್ದರೆ ಸಂಸಾರವಿಲ್ಲ. ಸಂಸಾರವಿಲ್ಲ ಎಂದು ಗೊತ್ತಾದರೆ ಉಮ್ಮರಬ್ಬರ ಅಂಗಡಿಯಿಲ್ಲ. ನಿಜ ಹೇಳಿ ಕಾಲು ಹಿಡಿಯೋಣ ಎಂದರು ರಾಜಗೋಪಾಲರು. ಕಾಲು ನಿಮ್ಮದಲ್ಲ, ಅಂಗಡಿಯೂ ನಿಮ್ಮದಲ್ಲ ಎಂದರು ಉಮ್ಮರಬ್ಬ.

ಕಾಂತಮ್ಮ ಅಳುತ್ತಿರಲಿಲ್ಲ. ಅದೇ ವಿಚಿತ್ರವಾಗಿತ್ತು. ಗಲ್ಲಕ್ಕೆ ಕೈಯಿಟ್ಟು ದೇಜಪ್ಪನನ್ನು ಅಡಿಯಿಂದ ಮುಡಿಯವರೆಗೆ, ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ನೋಡುವ ಹಾಗೆ ನೋಡುತ್ತಿದ್ದರು.

"ಒಂದೇ ದಾರಿ," ಎಂದರು ಕೊನೆಗೆ. "ದೇಜಪ್ಪನಿಗೆ ಮದುವೆ ಮಾಡಿಬಿಡುದು."

ರಾಜಗೋಪಾಲರು ನಿಧಾನವಾಗಿ ಆಶಾಲತಾಳ ಕಡೆ ತಿರುಗಿದರು. ಉಮ್ಮರಬ್ಬರೂ ತಿರುಗಿದರು. ದೇಜಪ್ಪ ಒಮ್ಮೆ ಆ ಕಡೆ ನೋಡಿ, ಕಿವಿಯವರೆಗೆ ಕೆಂಪಾಗಿ, ರಾಜಗೋಪಾಲರ ಕೋಟಿನೊಳಗೆ ಇನ್ನಷ್ಟು ಕುಗ್ಗಿದ.

ಇದು ಎಂದಾದರೂ ಬಂದೀತು ಎಂದು ಆಶಾಲತಾಳಿಗೆ ಅಂಜಿಕೆ ಇದ್ದೇ ಇತ್ತು. ಅವಳು ಮನಸ್ಸಿನಲ್ಲೇ ಉತ್ತರವನ್ನು ಟೈಪು ಮಾಡತೊಡಗಿದಳು. ನೀವು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ ಎಂದು ಗೊತ್ತು. ಇಲ್ಲ, ಅದು ತೀರಾ ಮೆತ್ತಗಾಯಿತು. ದೇಜಪ್ಪಣ್ಣ ಒಳ್ಳೆಯವರು, ಆದರೆ ನನ್ನ ಮನಸ್ಸಿನಲ್ಲಿ ಆ ಜಾಗ ಖಾಲಿಯಿಲ್ಲ. ಇದು ಸರಿ. ಯಾರಿಗೂ ನೋವಾಗದು. ಅವನ ಮುಖ ನೋಡದೆ ಹೇಳಿಬಿಟ್ಟರಾಯಿತು. ಗಂಟಲು ಸರಿಪಡಿಸಿಕೊಂಡು ಎದ್ದು ನಿಂತಳು.

"ಚಿಕ್ಕಮ್ಮಾ, ನಾನು..."

"ಸ್ವಲ್ಪ ಆಚೆ ಸರಿ ಮಗಾ, ಫೋಟೋ ಕಾಣುದಿಲ್ಲ," ಎಂದರು ಕಾಂತಮ್ಮ.

ಅವಳು ಸರಿದಳು. ಅವಳು ಒರಗಿದ್ದ ಗೋಡೆಯಲ್ಲಿ, ಅವಳ ತಲೆಗೆ ಸರಿಯಾಗಿ ಮೇಲೆ, ನರ್ಸಿಂಗ್ ಸರ್ಟಿಫಿಕೇಟು ಹಿಡಿದು ನಿಂತ ಸುಪ್ರೀತಾಳ ಫೋಟೋ ಇತ್ತು. ಎಲ್ಲರೂ ನೋಡುತ್ತಿದ್ದದ್ದು ಅದನ್ನು.

"ನಮ್ಮ ಸುಪ್ರೀತಾ!" ಕಾಂತಮ್ಮ ಕೈ ತಟ್ಟಿದರು. "ನಾಲ್ಕು ವರ್ಷದಿಂದ ಗಂಡು ನೋಡ್ತಾ ಇದ್ದೇವೆ. ಇವನನ್ನೂ ನೋಡದೆ ಇದ್ದದ್ದಲ್ಲ. ಹುಡುಗ ಚಿನ್ನ, ಆದ್ರೆ ಮಲಗುದು ಮಂಚದ ಮೇಲೆ ಮಂಚ ಇಟ್ಟು, ಅಲ್ಲಿಗೆ ಹೆಣ್ಣು ಕೊಡುದು ಹೇಗೆ ಅಂತ ಬಿಟ್ಟದ್ದು. ಈಗ ಎರಡು ಕೋಣೆಯ ಮನೆ, ಅವನದ್ದೇ ಹೆಸರಲ್ಲಿ! ಖೈತಾನಲ್ಲಿ ಯಾವ ಹುಡುಗನಿಗುಂಟು ಹೇಳಿ?"

"ಅವಳ ಸಂಬಳ ನೂರೆಂಬತ್ತು," ಎಂದರು ರಾಜಗೋಪಾಲರು, ಕೈ ಆಗಲೇ ಗುಂಡಿಯ ಮೇಲೆ.

ಆಶಾಲತಾ ಇನ್ನೂ ನಿಂತೇ ಇದ್ದಳು. ಅಷ್ಟು ಎಚ್ಚರಿಕೆಯಿಂದ ಜೋಡಿಸಿದ ನಿರಾಕರಣೆ ಬಾಯಲ್ಲೇ ಉಳಿದಿತ್ತು. ಅದನ್ನು ಕೇಳಿದವರೇ ಇರಲಿಲ್ಲ. ವಿಧವೆಯೊಬ್ಬಳು ಕೋಣೆಯಲ್ಲಿದ್ದಾಳೆ ಎಂಬುದು ಮದುವೆಯ ಮಾತಿನ ನಡುವೆ ಅಲ್ಲಿ ಯಾರಿಗೂ ನೆನಪಿಗೆ ಬಂದಿರಲಿಲ್ಲ.

"ಬಾಬಾ ನನ್ನನ್ನು ನೋಡಿದ್ದಾರಲ್ಲ," ಎಂದಳು, ಏನಾದರೂ ಹೇಳಬೇಕೆಂದು.

"ಎಲ್ಲಿ ನೋಡಿದ್ರು ತಂಗೀ?" ಉಮ್ಮರಬ್ಬರ ಮುಖಕ್ಕೆ ಬೆಳಗಿನ ಕಳೆ ಮರಳಿತ್ತು. "ಮರ್ಯಾದಸ್ಥರು, ಒಂದು ಸಲವೂ ಮುಖ ಎತ್ತಲಿಲ್ಲ. ಅವರಿಗೆ ಗೊತ್ತಿರುದು ಒಂದು ಸೀರೆ ಮಾತ್ರ. ಸೀರೆ ಸುಪ್ರೀತಾಳಿಗೂ ಉಂಟು."

"ಆ ಎರಡು ಮಕ್ಕಳು?" ಎಂದರು ರಾಜಗೋಪಾಲರು.

"ಆಗ್ತಾವೆ. ಎಂತ ಅವಸರ?" ಎಂದರು ಉಮ್ಮರಬ್ಬ.

"ಹೆಸರೂ ಇಟ್ಟಾಗಿದೆ," ಎಂದು ರಾಜಗೋಪಾಲರು ಆ ಬಾಬತ್ತನ್ನು ಮುಗಿಸಿದರು.

ದೇಜಪ್ಪ ಆಶಾಲತಾಳ ಬಳಿ ಬಂದು ಕೀಲಿಕೈಯನ್ನು ಮುಂದೆ ಹಿಡಿದ. ಅವನ ಕಣ್ಣು ತುಂಬಿತ್ತು. "ಇದು ನಿಮ್ಮದು ಮೇಡಮ್. ನೀವು ಬೇಡ ಅಂದ್ರೆ ಬೇಡ. ಈಗಲೇ ಹೋಗಿ ಬಾಬಾನಿಗೆ ನಿಜ ಹೇಳ್ತೇನೆ."

ಉಮ್ಮರಬ್ಬ ಉಸಿರು ಹಿಡಿದರು. ಅವಳು ಕೀಲಿಕೈ ನೋಡಿದಳು. ಹಿಂದಿನ ಬದಿಯ ಕೋಣೆಯದ್ದಾಗಿದ್ದರೆ ತೆಗೆದುಕೊಳ್ಳುತ್ತಿದ್ದಳೇನೋ. ಇದು ಮುಂದಿನ ಬದಿಯದು, ಎರಡು ಕೋಣೆಯದು. ಒಬ್ಬಳಿಗೆ ಇದರ ಬಾಗಿಲು ತೀರಾ ದೊಡ್ಡದು.

"ಇಟ್ಟುಕೊಳ್ಳಿ," ಎಂದಳು. "ಸುಪ್ರೀತಾಳಿಗೆ ಅಡುಗೆ ಚೆನ್ನಾಗಿ ಬರ್ತದೆ."

ಅವಳ ಅರವತ್ತೈದು ದಿನಾರನ್ನು ಕಾಂತಮ್ಮ ಆಗಲೇ ಒಳಗಿನಿಂದ ತಂದು ಎಣಿಸಿ ಕೊಟ್ಟರು. ಒಂದು ಕಾಸು ಕಡಿಮೆಯಿರಲಿಲ್ಲ. ಕೊಡುವಾಗ ಅವರಿಗೆ ಇನ್ನೊಂದು ಹೊಳೆದು, ಕಣ್ಣಲ್ಲಿ ಹೊಸ ನೀರು ಬಂತು.

"ಅಯ್ಯೋ ಮಗಾ! ಸುಪ್ರೀತಾ ಅಲ್ಲಿಗೆ ಹೋದ್ರೆ ನೀನು ಇಲ್ಲಿಂದ ಹೋಗ್ಬೇಕಾಗಿಯೇ ಇಲ್ಲ! ಇನ್ನು ಯಾವತ್ತೂ ಎಲ್ಲಿಗೂ ಹೋಗುದು ಬೇಡ. ನಾನು ಇದ್ದೇನಲ್ಲ!" ಎಂದು ಅವಳನ್ನು ತಬ್ಬಿಕೊಂಡು ಸಂತೋಷಕ್ಕೆ ಅತ್ತರು. ದುಃಖಕ್ಕಿಂತ ಅದು ಜೋರಾಗಿತ್ತು.

ಚಾ ಬಂತು. ಉಮ್ಮರಬ್ಬ ಅಂಗಡಿಯಿಂದ ಬಿಸ್ಕತ್ತು ತರಿಸಿದರು. ರಾಜಗೋಪಾಲರಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಗೋದಾಮಿನ ಹುಡುಗ, ಎಂಟು ಜನರ ಮೆಸ್ಸಿನಲ್ಲಿ ಉಂಡವನು, ಸಂಸಾರಕ್ಕೆ ಎಷ್ಟು ಬೇಕೆಂದು ಅವನಿಗೇನು ಗೊತ್ತು? ಅವರು ಒಂದು ಹಾಳೆಯನ್ನೂ ಪೆನ್ನನ್ನೂ ಆಶಾಲತಾಳ ಮುಂದೆ ಸರಿಸಿದರು.

"ನಿನಗೆ ಇದರಲ್ಲಿ ಕೈ ಪಳಗಿದೆ. ಇಬ್ಬರಿಗೆ ತಿಂಗಳಿಗೆ ಎಷ್ಟಾದೀತು, ಬರೆದುಕೊಡು ನೋಡುವಾ."

ಆಶಾಲತಾ ಬರೆದಳು. ಅಕ್ಕಿ, ಬೇಳೆ, ಎಣ್ಣೆ, ಮೀನು. ಶುಕ್ರವಾರಕ್ಕೊಂದು ಕೋಳಿ. ಗಂಡಸಿನ ಬ್ಲೇಡು, ಕ್ಷೌರ. ಊರಿಗೆ ಇಬ್ಬರ ಮನೆಗೂ ಕಾಗದ. ತಿಂಗಳಿಗೊಮ್ಮೆ ಸಮುದ್ರದ ಬಳಿ ಹೋಗಿ ಬರಲು ಟ್ಯಾಕ್ಸಿ, ಅಲ್ಲಿ ಎರಡು ಐಸ್‌ಕ್ರೀಮ್. ಪೆನ್ನು ಎಲ್ಲಿಯೂ ತಡೆಯಲಿಲ್ಲ. ಏನನ್ನೂ ಕಡಿಮೆ ಮಾಡಬೇಕಾಗಲಿಲ್ಲ, ಏನೂ ಮಿಕ್ಕಲೂ ಇಲ್ಲ. ರಾಜಗೋಪಾಲರು ಗುಂಡಿ ಒತ್ತಿ ಪರೀಕ್ಷಿಸಿ, ಒಂದು ಫಿಲ್ಸ್ ಕೂಡ ತಪ್ಪಿಲ್ಲ ಎಂದು ಮೊದಲ ಬಾರಿಗೆ ಬೇಸರದಿಂದ ಒಪ್ಪಿಕೊಂಡರು.

ದೇಜಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆರಗಾಗಿ ನೋಡಿದ.

"ಎಷ್ಟು ಬೇಗ ಬರೆದಿರಿ ಮೇಡಮ್! ಒಂದು ಸಲವೂ ಯೋಚಿಸ್ಲಿಲ್ಲ."

"ರೂಢಿ ಉಂಟು," ಎಂದಳು ಆಶಾಲತಾ.